ಶೇಕಡಾ ಹನ್ನೊಂದರ ಜಗಳ

ಸುವರ್ಣಾ ಉಪ್ಪಲ್‌ನ ಒಂದು ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ತಂತ್ರಜ್ಞೆ. ರಾಯಚೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲೇ. ಆಕೆಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಕೆಲಸವೇ ಅಂಥದು.

ದೇಹದ ರಕ್ಷಣಾಪಡೆ ದೇಹವನ್ನೇ ಹೊಡೆಯುವ ಲೂಪಸ್ ಕಾಯಿಲೆಯ ಬಗ್ಗೆ ನಗರದ ನಾಲ್ಕು ಕೇಂದ್ರಗಳಲ್ಲಿ ಅಧ್ಯಯನ ನಡೆದಿತ್ತು. ರಕ್ತಕಣಗಳನ್ನು ಲೇಸರ್ ಬೆಳಕಿನಲ್ಲಿ ಅಳೆಯುವ ಯಂತ್ರ ನಾಲ್ಕೂ ಕಡೆ ಇತ್ತು. ಒಂದೇ ರಕ್ತಕ್ಕೆ ನಾಲ್ಕೂ ಯಂತ್ರಗಳು ಒಂದೇ ಅಂಕಿ ಕೊಡಬೇಕು. ಅದಕ್ಕಾಗಿ ಸುವರ್ಣಾ ಯಂತ್ರದ ಅಳತೆ ಪರೀಕ್ಷಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳ ಸೀಸೆ ಹಿಡಿದು ಹೋಗಿ, ಉಳಿದ ಮೂರನ್ನೂ ಉಪ್ಪಲ್‌ನ ಯಂತ್ರಕ್ಕೆ ಹೊಂದಿಸಬೇಕಿತ್ತು.

ಎರಡು ಕಡೆಯವರು ಗೊಣಗುತ್ತಲೇ ಒಪ್ಪಿದರು. ಅಬಿಡ್ಸ್ ಕೇಂದ್ರದ ಯಂತ್ರ ನೋಡಿಕೊಳ್ಳುತ್ತಿದ್ದ ಜನಾರ್ದನ ಒಪ್ಪಲಿಲ್ಲ.

“ನಿಮ್ಮದು ಶೇಕಡಾ ಹನ್ನೊಂದು ಜಾಸ್ತಿ ತೋರಸಾಕತ್ತೈತ್ರಿ,” ಎಂದಳು ಸುವರ್ಣಾ.

“ನನ್ನ ಮಶೀನ್ ಬರೋಬ್ಬರಿ ಐತಿ. ಮೊದ್ಲ ನಿಮ್ಮದನ್ನ ನೋಡ್ಕೋರಿ.”

“ನಮ್ಮದನ್ನ ನೋಡೂ ಜರೂರತ್ತಿಲ್ಲ.”

“ಹಂಗಾರ ನಡೀರಿ ಇಲ್ಲಿಂದ.”

ಆಕೆ ದೂರು ಬರೆದಳು. ಎಲ್ಲ ಕೇಂದ್ರಗಳವರು ಸೇರಿದ ಸಭೆಯಲ್ಲಿ ಅವನ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು. ಹದಿನೈದು ದಿನದಲ್ಲಿ ಅವನನ್ನು ಯಂತ್ರದಿಂದ ಎಬ್ಬಿಸಿ, ರಕ್ತದ ಮಾದರಿ ಪಡೆಯುವ ಕಿಟಕಿಯಲ್ಲಿ ಕೂರಿಸಿದರು. ಆ ಯಂತ್ರವನ್ನೂ ಆಕೆ ಉಪ್ಪಲ್‌ನದಕ್ಕೆ ಹೊಂದಿಸಿದಳು. ಸುವರ್ಣಾಗೆ ಖುಷಿಯಾಯಿತು. ಅದನ್ನು ಬಚ್ಚಿಡಲೂ ಇಲ್ಲ.

ಎಂಟು ತಿಂಗಳ ನಂತರ ಹಳೆಯ ದಾಖಲೆ ತಿರುವುವಾಗ ಆಕೆಯ ಕೈ ನಿಂತಿತು. ಜಗಳಕ್ಕೂ ಮೊದಲೇ ರಿಪೇರಿಯವನು ಉಪ್ಪಲ್ ಯಂತ್ರದ ಬೆಳಕು ಸೋಸುವ ಫಿಲ್ಟರ್ ಬದಲಿಸಿದ್ದ; ಆ ದಿನದಿಂದಲೇ ಅದರ ಅಂಕಿ ಕುಸಿದಿತ್ತು. ಅಂದು ಮರುಪರೀಕ್ಷೆ ಮಾಡಬೇಕಾದವಳು ಆಕೆಯೇ, ಮಾಡಿರಲಿಲ್ಲ. ಸರಿಯಿದ್ದ ಮೂರು ಯಂತ್ರಗಳನ್ನು ತಾನೇ ಕೆಡಿಸಿದ್ದಳು.

ಮೇಲಧಿಕಾರಿ ಮಿಲಿಂದ ಕೇಳಿ ಕೆಂಡವಾದ. “ಮುಂದಿನ ವಾರ ಈ ಅಧ್ಯಯನದ ಪ್ರಬಂಧ ಕಳಸೋದೈತಿ. ಸುಮ್ನ ಕುಂಡ್ರಿ.”

“ಪೇಶಂಟ್ ಮಂದಿ ಅಂಕಿ ಎಲ್ಲಾ ತಪ್ಪವ ಸರ್.”

“ತಪ್ಪು ಮಾಡಿದಾಕಿ ಯಾರು? ನೀವಽ ಅಲ್ಲೇನು?”

“ಹೌದು. ಅದಕ್ಕಽ ನಾನಽ ಹೇಳ್ತೀನಿ.”

ಆ ಮಧ್ಯಾಹ್ನವೇ ನಾಲ್ಕೂ ಕೇಂದ್ರಗಳಿಗೆ ತನ್ನ ಹೆಸರಿನಲ್ಲಿ ಪತ್ರ ಕಳಿಸಿದಳು. ಪ್ರಬಂಧ ನಿಂತಿತು. ಮಿಲಿಂದ ಯಂತ್ರದ ಕೋಣೆಯ ಕೀಲಿ ಕಸಿದುಕೊಂಡ.

ಮರುವಾರ ಅಬಿಡ್ಸ್‌ಗೆ ಹೋದಾಗ ಜನಾರ್ದನ ಮತ್ತೆ ಯಂತ್ರದ ಮುಂದಿದ್ದ. ಕೂರಲು ಹೇಳಲಿಲ್ಲ.

“ಪತ್ರ ಓದೀನಿ. ನಾಕ್ ಮಂದಿ ಮುಂದ ನನ್ನ ಮರ್ಯಾದಿ ತಗದ್ರಿ. ಮಾಫಿ ಕೇಳಾಕ ಬಂದಿದ್ರ, ಸಿಗಂಗಿಲ್ಲ.”

“ನಿಮ್ಮ ಹಳೇ ಸೆಟ್ಟಿಂಗ್ ಬರ್ಕೊಂಡು ಬಂದೀನ್ರಿ.”

“ನನಗ ಬಾಯಿಪಾಠ ಐತಿ.”

ಆಕೆಯ ಚೀಟಿಯನ್ನು ಮುಟ್ಟದೆ ಅವನು ಅಂಕಿಗಳನ್ನು ಒತ್ತಿದ. ಮಣಿಗಳ ಅಳತೆ ಸರಿಯಾಗಿ ಬಂತು. ಅದು ಆಕೆಗೆ ಕಾಣುವ ಮೊದಲೇ ಪರದೆಯನ್ನು ಆಚೆ ತಿರುಗಿಸಿದ.

ಈಗ ಸುವರ್ಣಾ ಉಪ್ಪಲ್‌ನಲ್ಲಿ ಮಾದರಿಗಳಿಗೆ ಚೀಟಿ ಅಂಟಿಸುತ್ತಾಳೆ. ಜನಾರ್ದನ ತಿಂಗಳಿಗೊಮ್ಮೆ ಅಲ್ಲಿನ ಯಂತ್ರ ಪರೀಕ್ಷಿಸಲು ಬರುತ್ತಾನೆ. ಆಕೆಯ ಮೇಜು ದಾಟಿಯೇ ಹೋಗಬೇಕು, ಮಾತಾಡಿಸುವುದಿಲ್ಲ. ಆಕೆಯೂ ತಲೆ ಎತ್ತುವುದಿಲ್ಲ.