ಘಂಟಿಯೋ ಗಂಟೆಯೋ

ನಾನು ಚಿಕ್ಕವನಿದ್ದಾಗ ಅಪ್ಪನಿಗೆ ಹಾಸನದಿಂದ ಸೂರತ್ತಿಗೆ ವರ್ಗವಾಯಿತು. ಕತಾರ್‌ಗಾಮ್‌ನಲ್ಲಿ ಮನೆ ಹಿಡಿದೆವು. ಕೆಳಗೆ ವಜ್ರ ಉಜ್ಜುವ ಕಾರ್ಖಾನೆ, ಮೇಲೆ ನಾವು. ಬೆಳಗಾದರೆ ಗುಂಯ್ ಎನ್ನುವ ಸದ್ದು, ಎಣ್ಣೆಯ ಕಮಟು ವಾಸನೆ. ಆ ಊರನ್ನು ಕಂಡರೇ ನನಗಾಗುತ್ತಿರಲಿಲ್ಲ. ಅಪ್ಪನಿಗಂತೂ ಸದಾ ಸಿಡಿಮಿಡಿ.

ಅಕ್ಕ ಹನ್ನೊಂದನೇ ತರಗತಿಗೆ ಹಟ ಹಿಡಿದು ಸೈನ್ಸ್ ತೆಗೆದುಕೊಂಡಿದ್ದಳು. "ವಿಜ್ಞಾನ ಪ್ರದರ್ಶನದ ದಿನ ನಾಲ್ಕು ಜನರ ಮುಂದೆ ನನ್ನ ಮಾನ ಕಳೆದ್ಯೋ, ಮಾರನೇ ದಿನಾನೇ ಸೈನ್ಸ್ ಬಿಡಿಸ್ತೀನಿ" ಎಂದು ಅಪ್ಪ ಗದರಿದ್ದರು.

ವಜ್ರ ಉಜ್ಜುವ ಚಕ್ರದ ವೇಗವನ್ನೇ ಲೆಕ್ಕ ಹಾಕುತ್ತೇನೆಂದು ಅಕ್ಕ ನನ್ನನ್ನೂ ಎಳೆದುಕೊಂಡು ಕೆಳಗಿಳಿದಳು. ಎಷ್ಟು ಸುತ್ತು ತಿರುಗುತ್ತದೆ ಎಂದು ಹರಕುಮುರುಕು ಹಿಂದಿಯಲ್ಲಿ ಕೇಳಿದಳು. ಮಾಲೀಕ ತಲೆಯನ್ನೂ ಎತ್ತದೆ, "ಘಂಟಿ? ತೀನ್ ಹಜಾರ್ ಚಕ್ಕರ್! ಅಬ್ ಜಾವ್!" ಎಂದು ಅರಚಿದ. ಗಂಟೆಗೆ ಮೂರು ಸಾವಿರ ಸುತ್ತು ಎಂದುಕೊಂಡಳು ಅಕ್ಕ. ನುಣುಪಾದ ಆ ಚಕ್ರ ನೋಡಲು ನಿಂತೇ ಇದೆ ಅನ್ನಿಸುತ್ತಿತ್ತು. ನನಗೂ ಅನುಮಾನ ಬರಲಿಲ್ಲ.

ಪ್ರದರ್ಶನದ ದಿನ ಅಪ್ಪ ಕೈಕಟ್ಟಿ ಹಿಂದೆ ನಿಂತಿದ್ದರು. ಅಕ್ಕ ಬೋರ್ಡಿನ ಮೇಲೆ ಬರೆದಳು. ಗಂಟೆಗೆ ಮೂರು ಸಾವಿರವೆಂದರೆ ಸೆಕೆಂಡಿಗೆ ಒಂದು ಸುತ್ತೂ ಪೂರ್ತಿಯಿಲ್ಲ. ಒಂದು ಸುತ್ತಿಗೆ ಎರಡು ಪೈ ರೇಡಿಯನ್, ಅಂದರೆ ಆರೂಕಾಲು ಚಿಲ್ಲರೆ. ಗುಣಿಸಿದರೆ ಸೆಕೆಂಡಿಗೆ ಸುಮಾರು ಐದು ರೇಡಿಯನ್.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. "ಅರೇ ಮದ್ರಾಸಿ, ಯೇ ಹೀರೇ ಕೀ ಘಂಟಿ ಹೈ ಯಾ ಆಟೇ ಕೀ? ಮಿನಟ್ ಮೇ ತೀನ್ ಹಜಾರ್!" ಎಂದರು. ವಜ್ರದ್ದೋ ಹಿಟ್ಟು ಬೀಸುವುದೋ ಅಂತ ಅಣಕ. ಆಗ ನಮಗೆ ಹೊಳೆಯಿತು, ಇಲ್ಲಿ ಬೀಸುವ ಯಂತ್ರಕ್ಕೂ ವಜ್ರ ಉಜ್ಜುವ ಚಕ್ರಕ್ಕೂ ಘಂಟಿ ಎನ್ನುತ್ತಾರೆ ಎಂದು. ಸಭೆಯೆಲ್ಲ ಗೊಳ್ಳೆಂದಿತು. ಅಪ್ಪನ ಮುಖ ಕೆಂಡವಾಯಿತು.

"ನಡಿ ಮನೆಗೆ!" ಎಂದರು ಅಪ್ಪ.

ಅಕ್ಕ ಕದಲಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಬರೆದದ್ದನ್ನು ಅಂಗೈಯಲ್ಲೇ ಒರೆಸಿದಳು. ಮೂರು ಸಾವಿರವನ್ನು ಅರವತ್ತರಿಂದ ಭಾಗಿಸಿದರೆ ಸೆಕೆಂಡಿಗೆ ಐವತ್ತು ಸುತ್ತು, ಅಂದರೆ ಐವತ್ತು ಹರ್ಟ್ಸ್. ಎರಡು ಪೈಯಿಂದ ಗುಣಿಸಿದರೆ ಮುನ್ನೂರ ಹದಿನಾಲ್ಕು ರೇಡಿಯನ್. ಸೀಮೆಸುಣ್ಣವನ್ನು ಮೇಷ್ಟ್ರ ಮೇಜಿನ ಮೇಲೆ ಕುಕ್ಕಿ, "ನಂಗೆ ಬರದೇ ಇದ್ದಿದ್ದು ಇವರ ಭಾಷೆ ಅಪ್ಪಾ, ಲೆಕ್ಕ ಅಲ್ಲ" ಎಂದಳು. ಭೇಷ್ ಅಕ್ಕಾ ಎಂದು ನನಗೆ ಕೂಗಬೇಕೆನಿಸಿತು. ಮೇಷ್ಟ್ರು ಮುಖ ಸಿಂಡರಿಸಿ ಮುಂದಿನ ಮೇಜಿಗೆ ಹೋದರು. ಒಂದು ಒಳ್ಳೆಯ ಮಾತಾದರೂ ಆಡಬಾರದಿತ್ತೇ!

ಅಪ್ಪ ಸೈನ್ಸ್ ಬಿಡಿಸಲಿಲ್ಲ. ಆದರೆ ಮನೆಗೆ ಬಂದವರೇ, "ಇನ್ಮೇಲೆ ಈ ಮನೇಲೂ ಗುಜರಾತೀನೇ ಮಾತಾಡಿ" ಎಂದು ಗುಡುಗಿದರು. ಹಾಗೆಯೇ ಆಯಿತು.

ಮಕ್ಕಳೇ, ನಿಮಗೇನು ಕಡಿಮೆ! ಫೋನಿಗೆ ಮೂರು ಸಾವಿರ ಎಂದರೆ ಕಣ್ಣು ಮಿಟುಕಿಸುವುದರೊಳಗೆ ಮುನ್ನೂರ ಹದಿನಾಲ್ಕು ಬಂದುಬಿಡುತ್ತದೆ. ನಿಮ್ಮನ್ನು ನೋಡಿ ಯಾರೂ ನಗುವುದಿಲ್ಲ. ಆದರೆ ನಿನ್ನೆ ಸಂಜೆ ಇದೇ ಕತಾರ್‌ಗಾಮ್ ಮನೆಯಲ್ಲಿ ನಾನು, "ಪುಟ್ಟಿ, ಗಂಟೆ ಎಷ್ಟಾಯ್ತು ನೋಡು" ಎಂದೆ. ನಮ್ಮ ಪುಟ್ಟಿ ಕಿಟಕಿಯಿಂದ ಕೆಳಗಿನ ಕಾರ್ಖಾನೆಯತ್ತ ಬಗ್ಗಿ ನೋಡಿ ಹೇಳಿದಳು: "ಒಂದೂ ಇಲ್ಲ ಅಜ್ಜಾ, ಸಬ್ ಬಂದ್ ಹೈ."