ಬಾಂಡ್ಲಿಯಲ್ಲಿ ಇಪ್ಪತ್ತು ಎಣಿಕೆ

ಇವತ್ತು ಬೆಳಗ್ಗೆ ಹುಳುಮನೆಯ ಬಾಗಿಲಲ್ಲಿ ಸಿಮೆಂಟಿನ ಬಾಂಡ್ಲಿಗೆ ನೀರು ಸುರಿದು ಬ್ಲೀಚಿಂಗ್ ಪುಡಿ ಕಲಸಿದೆ. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಇದು ಮಾಮೂಲು. ಒಳಗೆ ಹೋಗುವವರು ಯಾರೇ ಆಗಲಿ, ಹುಳುಗಳಿಗೆ ರೋಗ ತಗಲದಂತೆ ಅದರಲ್ಲಿ ಕಾಲು ಅದ್ದಿಯೇ ಹೋಗಬೇಕು. ನಿನ್ನೆ ತೋಟದಲ್ಲಿ ಹಿಪ್ಪುನೇರಳೆ ಕೂಳೆ ಚುಚ್ಚಿ ನನ್ನ ಹಿಮ್ಮಡಿ ಸೀಳಿತ್ತು. ಕಾಲಿಟ್ಟೊಡನೆ ಚುರ್ ಎಂದಿತು. ತಟ್ಟನೆ ತೆಗೆದೆ. ಆ ಘಾಟು ಮೂಗಿಗೆ ಅಡರಿದಾಗ, ಊರಿಗೆ ನೀರು ಬಿಡುತ್ತಿದ್ದ ಅಣ್ಣ ನೆನಪಾದರು...

ನಮ್ಮದು ಕೂಟಗಲ್ ಹೋಬಳಿಯ ಸಣ್ಣ ಊರು. ಪಂಚಾಯ್ತಿಯ ಕುಡಿಯುವ ನೀರು ಬಿಡುವುದು ಅವರ ಕೆಲಸ. ಮೇಲಿನ ಬೀದಿಯ ವಾಲ್ವ್ ನಮ್ಮ ಅಂಗಳದ ಮೂಲೆಯ ಗುಂಡಿಯಲ್ಲಿತ್ತು. ಹಾಗಾಗಿ ಅವರು ದಿನವೂ ನಮ್ಮ ಗೇಟು ದಾಟಿ ಬರುತ್ತಿದ್ದರು. ಗುಂಡಿಯಲ್ಲಿ ಸದಾ ಪಾದ ಮುಳುಗುವಷ್ಟು ನೀರು ನಿಂತಿರುತ್ತಿದ್ದರಿಂದ ಚಪ್ಪಲಿ ಹಾಕುತ್ತಿರಲಿಲ್ಲ. ಅವರ ಹಿಮ್ಮಡಿಯ ಬಿರುಕುಗಳು ನನಗೆ ನೆನಪಿರುವಷ್ಟು ಅವರ ಮುಖ ನೆನಪಿಲ್ಲ.

ಕೊರೊನಾ ಕಾಲದಲ್ಲಿ ದುಡಿಯುವವರಿಗೆ ವಂದನೆ ಎಂದು ಎಲ್ಲರೂ ತಟ್ಟೆ ಬಡಿದ ಸಂಜೆ ನಾವೂ ಜಗಲಿಯಲ್ಲಿ ನಿಂತು ಬಡಿದೆವು. ಗುಂಡಿಯೊಳಗಿಂದ ಅವರ ತಲೆ ಮೇಲೆ ಬಂತು.

"ಏನವ್ವಾ, ಆನೆ ಗೀನೆ ಬಂತಾ ತೋಟಕ್ಕೆ?"

"ನಿಮ್ಮಂತೋರಿಗೇ ಕಣಣ್ಣ ಬಡೀತಿರೋದು," ಎಂದಳು ಅಮ್ಮ.

"ನಂಗಾ? ಹಂಗಾದ್ರೆ ಒಸಿ ಮೆಲ್ಲುಕ್ ಬಡೀರವ್ವ, ಕಿವಿ ಕಿತ್ತೋಗ್ತಾವೆ."

ಅದಾದ ಕೆಲವೇ ದಿನಗಳಿಗೆ ಲಾಕ್‌ಡೌನ್ ಬಂತು, ಕಾಲೇಜು ಅದಾಗಲೇ ಮುಚ್ಚಿತ್ತು. ಮೊದಲಿನಿಂದಲೂ ಎಲ್ಲವನ್ನೂ ಎಣಿಸಿ ಬರೆದಿಡುವ ಚಾಳಿ ನನ್ನದು. ಹುಳುಮನೆಯ ಬಾಂಡ್ಲಿಯನ್ನು ಗೇಟಿಗೆ ತಂದಿಟ್ಟವಳು ನಾನೇ. ಹುಳುಗಳನ್ನು ಉಳಿಸುವ ಪದ್ಧತಿ ನಮ್ಮನ್ನೂ ಉಳಿಸುತ್ತದೆ ಎಂದು ಮನೆಯವರೆಲ್ಲ ನಂಬಿದರು. ಹೊರಗಿನವರು ಕಾಲು ಅದ್ದಿ ನಿಲ್ಲಬೇಕು, ನಾನು ಇಪ್ಪತ್ತು ಎಣಿಸಬೇಕು, ಪುಸ್ತಕದಲ್ಲಿ ಒಂದು ಗೆರೆ ಎಳೆಯಬೇಕು. ಆದರೆ ಆ ದಿನಗಳಲ್ಲಿ ಹೊರಗಿನಿಂದ ಬರುತ್ತಿದ್ದವರು ನೀರಿನ ಅಣ್ಣ ಒಬ್ಬರೇ. ಊರೆಲ್ಲ ಗಳಿಗೆಗೊಮ್ಮೆ ಕೈ ತೊಳೆಯುತ್ತಿತ್ತು. ಒಂದು ಹೊತ್ತು ಬಿಡುತ್ತಿದ್ದ ನೀರನ್ನು ಅವರು ಎರಡು ಹೊತ್ತು ಬಿಡಬೇಕಾಯಿತು. ಹಾಗಾಗಿ ದಿನಕ್ಕೆ ಎರಡು ಗೆರೆ. ನಾನು ದಿನಕ್ಕೆ ಎಷ್ಟು ಸಲ ಕೈ ತೊಳೆದೆ ಎಂಬುದೂ ಅದೇ ಪುಟದಲ್ಲಿದೆ.

ಬಾಂಡ್ಲಿ ಇಟ್ಟ ಹದಿನೆಂಟನೆಯ ದಿನ ಅವರು ಗೇಟಿನಲ್ಲಿ ನಿಂತುಬಿಟ್ಟರು.

"ಇವತ್ತೊಂದಿನ ಬುಟ್ಬುಡವ್ವ. ಕಾಲು ಉರೀತೈತೆ."

"ಇಪ್ಪತ್ತೇ ಅಲ್ವಾಣ್ಣ?" ಎಂದೆ.

"ಆಯ್ತು, ಜಲ್ದಿ ಎಣ್ಸು. ಹನ್ನೆರಡಾದ್ಮೇಲೆ ನಿಧಾನ ಮಾಡ್ತೀಯ ನೀನು, ನಂಗೊತ್ತು."

ನಾನು ನಕ್ಕೆ. ನಿಧಾನವಾಗಿಯೇ ಎಣಿಸಿದೆ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಸೋದರಮಾವ ಪಾಸ್ ಮಾಡಿಸಿಕೊಂಡು ಬೆಂಗಳೂರಿನಿಂದ ಬೈಕಿನಲ್ಲಿ ಬಂದರು. ಬಾಂಡ್ಲಿಯನ್ನು ದಾಟಿಕೊಂಡೇ ಒಳಗೆ ನಡೆದು, ಮುದ್ದೆ ಉಂಡು, ನಡುಮನೆಯಲ್ಲಿ ಮಲಗಿದರು. ಸಂಜೆ ವಾಲ್ವ್ ತಿರುಗಿಸುತ್ತ ನೀರಿನ ಅಣ್ಣ ಕೇಳಿದರು: "ಮಾವ್ನೋರ್ನೂ ನಿಲ್ಸಿ ಎಣಿಸ್ದಾ?"

"ಅವ್ರು ಮನೆಯವರು," ಎಂದೆ.

"ಅದೂ ಸರಿಯೇ," ಎಂದು ವಾಲ್ವ್ ಕಡೆಗೆ ತಿರುಗಿದರು. ರೋಗ ಹರಡುತ್ತಿದ್ದದ್ದು ಬೆಂಗಳೂರಿನಲ್ಲಿ. ಅದು ಕಾಲಿನಿಂದ ಬರುವುದಲ್ಲ ಎಂದು ಪೇಪರಿನಲ್ಲಿ ಓದಿ, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಬಾಂಡ್ಲಿ ಮಾತ್ರ ಅಲ್ಲೇ ಇತ್ತು.

ನಲವತ್ತೆರಡನೆಯ ದಿನ ಅವರು ಬರಲಿಲ್ಲ. ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಹಿಡಿದು ಅವರ ಹೆಂಡತಿ ಬಂದರು.

"ಕಾಲು ಊದ್ಕಂಡೈತೆ ಕಣವ್ವ, ಸಕ್ರೆ ಕಾಯ್ಲೆ ಬ್ಯಾರೆ. ಆಸ್ಪತ್ರೆಗೋಗಾನಾ ಅಂದ್ರೆ ಬಸ್ಸಿಲ್ಲ."

ನಮ್ಮ ಕಾರು ಅವರ ಬೆನ್ನ ಹಿಂದೆಯೇ ನಿಂತಿತ್ತು. ನಾನು ಪುಸ್ತಕ ತೆರೆದೆ. ಅವರೇ ಸೀರೆ ಎತ್ತಿ ಹಿಡಿದು, ಯಾರೂ ಹೇಳದೆ, ಬಾಂಡ್ಲಿಯಲ್ಲಿ ಕಾಲಿಟ್ಟರು. ನನ್ನ ಮುಖ ನೋಡಿದರು.

"ಎಣ್ಸವ್ವ."

ನಾನು ಎಣಿಸಿದೆ.

ಬಸ್ಸು ಶುರುವಾಗುವ ಹೊತ್ತಿಗೆ ತಡವಾಗಿತ್ತು. ಮೊದಲು ಅಣ್ಣನ ಎರಡು ಕಾಲ್ಬೆರಳು ತೆಗೆದರು, ಆಮೇಲೆ ಪಾದ. ಮರುವರ್ಷ ಅವರು ತೀರಿಕೊಂಡರು. ಬ್ಲೀಚಿಂಗ್‌ನಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಸಾವಿಗೆ ಹೋದಾಗ ಅವರ ಹೆಂಡತಿ ನನಗೆ ಕುಡಿಯಲು ನೀರು ತಂದುಕೊಟ್ಟರು. ಆಗ ಹೇಳಬೇಕಿದ್ದ ಮಾತನ್ನು ಇವತ್ತಿಗೂ ಹೇಳಿಲ್ಲ.

ಈಗ ವಾಲ್ವ್ ರಸ್ತೆಗೆ ಹೋಗಿದೆ. ಗುಂಡಿ ಮುಚ್ಚಿದ ಜಾಗದಲ್ಲಿ ಅಮ್ಮ ಕನಕಾಂಬರ ಹಾಕಿದ್ದಾಳೆ. ಬೆಳಗ್ಗೆ ಹಳೆಯ ಪುಸ್ತಕ ತೆಗೆದು ನೋಡಿದೆ. ಅವರ ಹೆಸರಿನ ಕೆಳಗೆ ಎಂಬತ್ತೆರಡು ಗೆರೆಗಳಿವೆ. ಪಕ್ಕದಲ್ಲಿ ಅವರ ಹೆಂಡತಿಯದು ಒಂದು. ಮಾವನದು ಒಂದೂ ಇಲ್ಲ.

ಮತ್ತೆ ಹುಳುಮನೆಗೆ ಹೋಗಿ ಬಾಂಡ್ಲಿಯಲ್ಲಿ ಅದೇ ಕಾಲಿಟ್ಟೆ. ಜೋರಾಗಿ, ಆಗ ಎಣಿಸುತ್ತಿದ್ದ ಹಾಗೆಯೇ ಎಣಿಸತೊಡಗಿದೆ. ಇಪ್ಪತ್ತು ಮುಟ್ಟಲೇಬೇಕೆಂದುಕೊಂಡಿದ್ದೆ...

ಇವತ್ತಿನ ಪುಟದಲ್ಲಿ ಬರೆದಿರುವುದು ಇಷ್ಟೇ: ಹನ್ನೊಂದಕ್ಕೆ ಕಾಲು ತೆಗೆದೆ.