ಉಗುರುಸುತ್ತು

ಆ ಚಿಕ್ಕ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸನ್ನು ಎಲ್ಲರೂ ಬೆನ್ನ ಹಿಂದೆ ಸೋಪಕ್ಕ ಎನ್ನುತ್ತಿದ್ದರು. ಕೈ ತೊಳೆಯದೆ ಬಾಣಂತಿಯ ಬಳಿ ಸುಳಿದವರ ನೀರಿಳಿಸದೆ ಅವಳು ಬಿಡುತ್ತಿರಲಿಲ್ಲ. "ಸೋಪು ಸವೆದ್ರೂ ಈಯಮ್ಮನ ಬಾಯಿ ಸವೆಯಲ್ಲ" ಎಂದು ಆಯಾಗಳು ನಗುತ್ತಿದ್ದರು.

ಒಮ್ಮೆ ಅವಳ ತೋರುಬೆರಳಿಗೇ ಉಗುರುಸುತ್ತಾಗಿ ಕೀವು ಕಟ್ಟಿತು. ಹೇಳಿದರೆ ಡಾಕ್ಟರು ರಜೆ ಕೊಟ್ಟು ಕಳಿಸುತ್ತಿದ್ದರು. ಆದರೆ ಅದೇ ವಾರ ತಂಗಿಗೆ ಅಲ್ಲಿಯೇ ಸಿಸೇರಿಯನ್ ಆಗಿತ್ತು. ಅವಳನ್ನು ಬೇರೆಯವರ ಕೈಗೊಪ್ಪಿಸಲು ಸೋಪಕ್ಕನಿಗೆ ಮನಸ್ಸಿರಲಿಲ್ಲ. ಬೆರಳಿಗೆ ಪ್ಲಾಸ್ಟರ್ ಸುತ್ತಿ, ಅಲ್ಲಿ ತೊಳೆತೊಳೆದು ಬಳಸುತ್ತಿದ್ದ ಗ್ಲೌಸು ಏರಿಸಿ, ತಂಗಿಯ ಹೊಲಿಗೆಗೆ ದಿನವೂ ತಾನೇ ಡ್ರೆಸಿಂಗ್ ಮಾಡಿದಳು.

ಹೊಲಿಗೆ ಬಾತು ಕೀವು ಒಸರತೊಡಗಿತು. ಜ್ವರ ಏರಿತು. ತಂಗಿಯ ಅತ್ತೆ ತನ್ನ ಮನೆಯಿಂದ ತಂದಿದ್ದ ಹಳೆಯ ಬಟ್ಟೆಯೊಂದು ಹಾಸಿಗೆಯ ಮೇಲಿತ್ತು. ಸೋಪಕ್ಕ ಅದನ್ನು ಇಕ್ಕಳದಲ್ಲಿ ಎತ್ತಿ ವಾರ್ಡಿಗೆಲ್ಲ ತೋರಿಸಿದಳು.

"ಈ ಹೊಲಸು ತಂದು ಹಾಸಿದ್ದೀರಲ್ಲ, ಸೊಸೆ ಬದುಕೋದು ಬೇಡ್ವಾ ನಿಮಗೆ?"

"ಕುದಿಸಿ ಒಣಗಿಸಿದ್ದೆ ಕಣಮ್ಮ."

"ಹೊರಗೆ ನಡೀರಿ. ಮಗೂನೂ ಮುಟ್ಟಬೇಡಿ."

ಹೆತ್ತ ಮಗನೇ ಮುದುಕಿಯ ರಟ್ಟೆ ಹಿಡಿದು ಗೇಟಿನಾಚೆ ಬಿಟ್ಟುಬಂದ.

ಡಾಕ್ಟರು ಹೊಲಿಗೆ ಬಿಚ್ಚುವಾಗ ಪಕ್ಕದಲ್ಲಿ ನಿಂತಿದ್ದ ಸೋಪಕ್ಕನ ಗ್ಲೌಸು ಹರಿದು ಒದ್ದೆ ಪ್ಲಾಸ್ಟರ್ ಕಂಡಿತು. ಅವಳನ್ನು ತಮ್ಮ ಕೋಣೆಗೆ ಕರೆದು ಬೆರಳು ಬಿಚ್ಚಿಸಿ ನೋಡಿದರು.

"ಇದು ಹೊರಗೆ ಗೊತ್ತಾದ್ರೆ ಆಸ್ಪತ್ರೆ ಬಾಗಿಲು ಹಾಕ್ಬೇಕಾಗುತ್ತೆ. ಹೇಗೂ ಎಲ್ಲರೂ ಆ ಮುದುಕೀನೇ ಬೈತಿದ್ದಾರೆ. ಹಾಗೇ ಇರಲಿ ಬಿಡಿ."

ತಂಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಅವಳು ಅಕ್ಕನ ಕೈ ಬಿಡಲಿಲ್ಲ. "ನೀನಿದ್ದೀಯಲ್ಲಕ್ಕ, ನನಗೇನೂ ಆಗಲ್ಲ" ಎಂದಳು. ನಂಜು ಆಗಲೇ ರಕ್ತಕ್ಕೇರಿತ್ತು. ಮಾರನೆಯ ದಿನ ತೀರಿಕೊಂಡಳು.

ಎಲ್ಲ ಮುಗಿದ ಮೇಲೆ ಮುದುಕಿ ಬಂದು ಸೋಪಕ್ಕನ ಎದುರು ಕುಸಿದು ಕೂತಳು.

"ಕೈಯಾರೆ ಕೊಂದುಬಿಟ್ಟೆ ತಾಯಿ. ಮಗ ಮಾತು ಬಿಟ್ಟಿದ್ದಾನೆ. ನೀನಾದ್ರೂ ಕ್ಷಮಿಸು."

ಸೋಪಕ್ಕನ ಒಂದು ಮಾತು ಸಾಕಿತ್ತು. ಬಾಗಿಲಲ್ಲಿ ತಂಗಿಯ ಗಂಡ ಕೇಳಿಸಿಕೊಳ್ಳುತ್ತ ನಿಂತಿದ್ದ.

"ಆಗಿದ್ದು ಆಗಿಹೋಯ್ತು," ಎಂದಳು. "ನೀವೇನು ಬೇಕೂಂತ ಮಾಡಿದ್ರಾ?"

ಮುದುಕಿ ಅವಳ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ಮಗುವನ್ನು ಸೋಪಕ್ಕನೇ ಸಾಕಿದಳು. ಅಜ್ಜಿ ನೋಡಲು ಬಂದಾಗಲೆಲ್ಲ, ಮಲಗಿದೆ ಎಂದು ಹೇಳಿ ಹೊಸ್ತಿಲಿನಿಂದಲೇ ಕಳಿಸಿಬಿಡುತ್ತಿದ್ದಳು. ಆ ಮುಖ ಇನ್ನಷ್ಟು ಹೊತ್ತು ಎದುರಿಗಿದ್ದರೆ ಎಲ್ಲಿ ಬಾಯಿ ಬಿಟ್ಟೇನೋ ಎಂಬ ಅಂಜಿಕೆ ಅವಳಿಗೆ.